ಬೇನೆ ಉಂಟಾ?

ಸೈನ್ಯಕ್ಕೆ ಸೇರಬಯಸುವವರನ್ನು ವಿಟ್ಲದ ಮೈದಾನದಲ್ಲಿ ಓಡಿಸುವ ನಿವೃತ್ತ ಸುಬೇದಾರ್ ಮುಂಡಪ್ಪನವರು ಯಾರಿಗೂ ನಮಸ್ಕಾರ ಹೇಳುವವರಲ್ಲ; "ಬೇನೆ ಉಂಟಾ?" ಎಂದೇ ಕೇಳುತ್ತಾರೆ. ಓಡುವವರ ಮೇಲೆ ಗುಡುಗುವ ಆ ಗಂಟಲು, ಯಾರಾದರೂ ಕುಂಟಿದರೆ ಸಾಕು, ಬಾಣಂತಿ ಕೋಣೆಯ ಅಜ್ಜಿಯ ದನಿಯಷ್ಟು ಮೆತ್ತಗಾಗುತ್ತದೆ. "ಕಾಲು ನಿನ್ನದಲ್ಲ ಮಾರಾಯ, ದೇಶದ್ದು, ಹಾಳು ಮಾಡ್ಬೇಡ" ಎಂದು ಅವನನ್ನು ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಫ್ಲಾಸ್ಕಿನ ಚಾ ಕೊಟ್ಟು, ಸಿಯಾಚಿನ್ನಿನ ಹಿಮದಿಂದ ಹಿಡಿದು ತೀರಿಹೋದ ಹೆಂಡತಿ ಮಾಡುತ್ತಿದ್ದ ಬಸಳೆ ಗಸಿಯ ರುಚಿಯವರೆಗೆ ಮಾತಾಡುತ್ತಾರೆ. ಬೇನೆ ಪೂರ್ತಿ ಹೋಗುವ ತನಕ ಏಳಲು ಬಿಡುವುದಿಲ್ಲ. ಇವತ್ತು ಬೆಳಿಗ್ಗೆ, ಪಾದ ಉಳುಕಿ ವಾರದಿಂದ ಕೂತಿದ್ದ ಅಝೀಮ್ ಎದ್ದು ನಿಂತು, "ಬೇನೆ ಹೋಯ್ತು ಸರ್, ಓಡ್ತೇನೆ" ಎಂದ. ಆಗಷ್ಟೇ ಎರಡು ಲೋಟಕ್ಕೆ ಚಾ ಬಗ್ಗಿಸಿದ್ದ ಸುಬೇದಾರರು ಮೆಲ್ಲಗೆ ಕೇಳಿದರು: "ಸ್ವಲ್ಪವೂ ಇಲ್ವಾ?"