ತಿಕ್ಕಿಟ್ಟ ಫಿಲ್ಟರ್

ಸಿರಿಗೇರಿಯ ಈರಮ್ಮನವರ ಮಾಳಿಗೆ ಮೇಲೆ ಗಾಳಿಯ ಧೂಳು ಅಳೆಯುವ ಯಂತ್ರ ಇಟ್ಟಿದ್ದೆ. ಲೆಕ್ಕ ಸರಳ: ಫಿಲ್ಟರ್ ಕಾಗದಕ್ಕೆ ಏರಿದ ತೂಕವೇ ಧೂಳು, ಅದನ್ನು ಯಂತ್ರ ಎಳೆದುಕೊಂಡ ಗಾಳಿಯ ಅಳತೆಯಿಂದ ಭಾಗಿಸಿದರಾಯಿತು.

ಮರುದಿನ ಹೋದರೆ ಕಾಗದ ಬೆಳ್ಳಗಿತ್ತು!

“ಕೆಂಪಗಾಗಿತ್ರೀ ಸರ. ಝಾಡಿಸಿ, ಬ್ರಶ್ ಹಚ್ಚಿ ತಿಕ್ಕೀನಿ. ನಮ್ಮ ಮನಿಯಿಂದ ಹೊಲಸು ಕಾಗದ ಬಳ್ಳಾರಿ ಆಫೀಸಿಗೆ ಹೋದ್ರ ಮಂದಿ ಏನಂತಾರ್ರೀ?” ಎಂದು ಈರಮ್ಮ ಚಾ ಕೊಟ್ಟರು. ಚಾ ಕುಡಿದು, ಕಾಗದವನ್ನು ಲಕೋಟೆಗೆ ಹಾಕಿಕೊಂಡೆ.

ಬಳ್ಳಾರಿಗೆ ಬಂದು ತೂಗಿದೆ. ತಿಕ್ಕಿದ ರಭಸಕ್ಕೆ ಕಾಗದದ ಎಳೆಗಳೂ ಉದುರಿ, ತೂಕ ಮೊದಲಿಗಿಂತ ಕಡಿಮೆಯಾಗಿತ್ತು. ಲೆಕ್ಕದ ಪ್ರಕಾರ ಸಿರಿಗೇರಿಯ ಗಾಳಿಯಲ್ಲಿ ಧೂಳು ಸೊನ್ನೆಗಿಂತಲೂ ಕಡಿಮೆ!

ಹೊಸ ಕಾಗದ ಹಾಕಲು ಮತ್ತೆ ಹೋದಾಗ ಈರಮ್ಮ ಬಾಗಿಲಲ್ಲೇ ಕೇಳಿದರು: “ನಮ್ಮದು ಹೆಂಗ ಬಂತ್ರೀ?”

“ಇಡೀ ಜಿಲ್ಲೆಗೇ ಮೊದಲು, ಅಮ್ಮಾ” ಎಂದೆ. ಸುಳ್ಳು ಹೇಳಲಿಲ್ಲ, ಈ ಸಲ ಮಾತ್ರ ಯಂತ್ರಕ್ಕೆ ಬೀಗ ಹಾಕಿ ಬಂದೆ.