ಬಾತು ಬೇಟೆಗೆ ಹೋದ ಬಾಯಿ

ಒಂದು ಒಳ್ಳೆಯ ನಾಯಿಯ ಮಾನವನ್ನು ಒಂದಿಡೀ ಚಳಿಗಾಲ ಕಳೆದವಳು ನಾನು. ಕಲ್ಲು ಹೊಡೆಯಲಿಲ್ಲ, ಕೋಲು ಬೀಸಲಿಲ್ಲ, ಬರೀ ಬಾಯಿಂದ ಕಳೆದೆ. ಮನುಷ್ಯರ ಮಾನವನ್ನೂ ಜನ ಕಳೆಯುವುದು ಬಾಯಿಂದಲೇ. ಆದರೆ ಮನುಷ್ಯರು ತಿರುಗಿ ಬೈಯುತ್ತಾರೆ. ಈ ನಾಯಿ ಬೈಯಲಿಲ್ಲ. ಮೈ ಕೊರೆಯುವ ನೀರಿನಲ್ಲಿ ಸುಮ್ಮನೆ ಕುಳಿತುಕೊಂಡಿತು. ಅದು ಮನಸ್ಸಿನಲ್ಲಿ ಉಳಿದುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಪಾನಿಗೆ ಹೋದದ್ದು ಎರಡು ತಿಂಗಳಿಗೆಂದು. ಮಗಳು ಶೋಭಾ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನೊಳಗಿನ ಹುಳುಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಅಳಿಯ ಮೈಸೂರಿನವನು, ಕಂಪ್ಯೂಟರ್ ಕೆಲಸ, ಮೊಟ್ಟೆಯನ್ನೂ ಮುಟ್ಟದವನು. ಇಚಿಕಾವಾದಲ್ಲಿ ಅವರದು ಎರಡು ಕೋಣೆಯ ಮನೆ. ನಾನು ಹೋಗಿ ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಕೊರೋನಾ ಬಂತು. ವಿಮಾನವಿದ್ದಾಗ ಟಿಕೆಟ್ ಇಲ್ಲ, ಟಿಕೆಟ್ ಸಿಕ್ಕಾಗ ವಿಮಾನವಿಲ್ಲ. ಎರಡು ತಿಂಗಳು ಎಂದದ್ದು ಒಂದೂವರೆ ವರ್ಷವಾಯಿತು.

ಮನೆಯೇ ಆಫೀಸಾದ ಮೇಲೆ ನನ್ನ ಬಾಯಿಗೆ ಜಾಗವಿಲ್ಲದಂತಾಯಿತು. ಅಳಿಯ ಬೆಳಿಗ್ಗೆಯಿಂದ ಸಂಜೆಯವರೆಗೆ ಮೀಟಿಂಗಿನಲ್ಲಿ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪೈಜಾಮ.

“ಅಮ್ಮ, ಅವ್ರು ಕಾಲ್‌ನಲ್ಲಿದಾರೆ, ಸ್ವಲ್ಪ ಮೆಲ್ಲಗೆ” ಎಂದು ಶೋಭಾ ಬಂದು ಪಿಸುಗುಟ್ಟುತ್ತಿದ್ದಳು.

“ಮತ್ತೆ? ಒಗ್ಗರಣೆ ಹಾಕೋದು ಬೇಡ್ವೇನೆ? ಅದನ್ನೂ ಮ್ಯೂಟಲ್ಲೇ ಹಾಕ್ಲಾ?”

ಚನ್ನಪಟ್ಟಣದ ಸಂತೆಯಲ್ಲಿ ಮೂವತ್ತು ವರ್ಷ ನಾಟಿ ಕೋಳಿ ಮಾರಿದವಳು ನಾನು. ಕೂಗದಿದ್ದರೆ ಕೋಳಿ ಹೋಗುವುದಿಲ್ಲ. ಅಂಥವಳನ್ನು ತಂದು ಮೆಲ್ಲಗೆ ಮಾತಾಡು ಎಂದರೆ ಮಾತು ಹೊಟ್ಟೆಯಲ್ಲೇ ಹುಳಿ ಬರುತ್ತದೆ. ನಾನು ಬಾಯಿ ಬಿಡುತ್ತಿದ್ದದ್ದು ದಿನಕ್ಕೊಮ್ಮೆ, ಬೀದಿ ಮೂಲೆಯಲ್ಲಿ ಕಸ ಇಡುವ ಜಾಗದಲ್ಲಿ. ಆ ದೇಶದಲ್ಲಿ ಕಸಕ್ಕೂ ಜಾತಿಯುಂಟು. ಸುಡುವ ಕಸ ಒಂದು ದಿನ, ಸುಡದ ಕಸ ಇನ್ನೊಂದು ದಿನ, ಬಾಟಲಿ ಬೇರೆ ಪಂಕ್ತಿ, ಅದರ ಮುಚ್ಚಳ ಬೇರೆ ಪಂಕ್ತಿ. ಅಲ್ಲಿಗೆ ಪಕ್ಕದ ಮನೆಯ ಕಿಮುರಾ-ಸಾನ್ ಅವರ ಹೆಂಡತಿ ನಾಯಿ ಹಿಡಿದುಕೊಂಡು ಬರುತ್ತಿದ್ದಳು. ಅಲ್ಲಿ ಹೆಸರಿನ ಕೊನೆಗೆ ‘ಸಾನ್’ ಅಂಟಿಸಿದರೆ ಮರ್ಯಾದೆ; ಮನೆಯೊಡತಿಯನ್ನು ಓಕುಸಾನ್ ಎನ್ನುತ್ತಾರೆ. ಅವಳು ಬಗ್ಗಿ ನಮಸ್ಕರಿಸುವಳು, ನಾನು ನಾಯಿಯ ಜೊತೆ ಕನ್ನಡದಲ್ಲಿ ಹರಟುವೆನು. ನಾಯಿಯ ಹೆಸರು ಕುರೋ, ಅಂದರೆ ಕರಿಯ. ಹೊಡೆದ ಹಕ್ಕಿಯನ್ನು ನೀರಿಗಿಳಿದು ಹಲ್ಲು ತಾಕಿಸದೆ ತಂದುಕೊಡುವ ಜಾತಿ. ಅಕ್ಕಿರೊಟ್ಟಿಯ ಚೂರು ಹಾಕಿ ಹಾಕಿ ಅದು ನನ್ನ ಮಾತು ಕೇಳುವಂತಾಗಿತ್ತು. ಮನೆಯಲ್ಲಿ ಆ ಭಾಗ್ಯ ನನಗಿರಲಿಲ್ಲ.

ನವೆಂಬರಿನಲ್ಲಿ ಓಕುಸಾನ್ ಒಂದು ಬುಟ್ಟಿ ಕಿತ್ತಳೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಎರಡು ಮೀಟರ್ ದೂರ ನಿಂತು ಹೇಳಿದ್ದನ್ನು ಶೋಭಾ ಕನ್ನಡಕ್ಕೆ ತಿರುಗಿಸಿದಳು. ಕಿಮುರಾ-ಸಾನ್‌ಗೆ ಎಪ್ಪತ್ತಾರು ವರ್ಷ. ಪ್ರತಿ ಚಳಿಗಾಲ ಕಾಡುಬಾತು ಹೊಡೆಯುವುದು ಅವರ ಚಟ. ಹೋದ ವರ್ಷ ಹೊಳೆಯಂಚಿನ ಜೊಂಡಿನಲ್ಲಿ ಕಾಲು ಜಾರಿ ಬಿದ್ದು, ಸೊಂಟದವರೆಗಿನ ನೀರಿನಲ್ಲಿ ಏಳಲಾಗದೆ ಕೂತಿದ್ದವರನ್ನು ಮೀನು ಹಿಡಿಯುವವರು ಯಾರೋ ಎತ್ತಿದ್ದರು. ಆಮೇಲೆ ಗಂಡ ಹೆಂಡತಿಗೆ ಒಂದು ಕರಾರಾಯಿತು. ಈ ಸಲ ಫೆಬ್ರವರಿ ನಡುವಿಗೆ ಬೇಟೆಯ ಕಾಲ ಮುಗಿಯುವುದರೊಳಗೆ ಒಂದು ಬಾತಾದರೂ ಮನೆಗೆ ಬಂದರೆ ಬಂದೂಕು ಇರಲಿ. ಬರದಿದ್ದರೆ ಪೊಲೀಸರಿಗೆ ಒಪ್ಪಿಸಿ ಮನೆಯಲ್ಲಿರಬೇಕು. ಜೊತೆಗೆ ಹೋಗುತ್ತಿದ್ದ ಗೆಳೆಯರು ಕೊರೋನಾಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ. ಒಬ್ಬರನ್ನೇ ಕಳಿಸಲು ಭಯ. ಅಜ್ಜಿಯವರು ದೊಡ್ಡ ಮನಸ್ಸು ಮಾಡಿ ದಡದಲ್ಲಿ ಕುಳಿತಿದ್ದರೆ ಸಾಕು.

“ಅಮ್ಮ, ಚಳಿ ಇರುತ್ತೆ. ಬೇಡ ಅಂದ್ಬಿಡ್ಲಾ?”

“ಅಲ್ಲಿ ಮೀಟಿಂಗ್ ಇರಲ್ಲ ತಾನೆ?”

ಹೀಗೆ ನಾನು ಬೇಟೆಗೆ ಹೊರಟೆ. ಸೀರೆಯ ಒಳಗೆ ಅಳಿಯನ ಪ್ಯಾಂಟು, ಮೇಲೆ ಮಗಳ ಕೋಟು, ತಲೆಗೆ ಟವೆಲು. ಬಾತುಗಳು ನನ್ನನ್ನು ಕಂಡು ಹೆದರದಿದ್ದದ್ದು ಅವುಗಳ ದೊಡ್ಡತನ.

ಹೋಗುವುದು ಕಿಮುರಾ-ಸಾನ್ ಅವರ ಪುಟ್ಟ ವ್ಯಾನಿನಲ್ಲಿ, ಗಾಳಿಯಾಡಲೆಂದು ನಾಲ್ಕೂ ಕಿಟಕಿ ತೆರೆದು. ಹೊರಗೆ ನೀರು ಗಡ್ಡೆ ಕಟ್ಟುತ್ತಿದೆ, ಒಳಗೆ ನಮ್ಮನ್ನು ರೋಗದಿಂದ ಕಾಪಾಡಲಾಗುತ್ತಿದೆ. ಮೂವರಲ್ಲಿ ಬೆಚ್ಚಗಿದ್ದದ್ದು ಕುರೋ ಮಾತ್ರ; ಅದಕ್ಕೆ ಮೈತುಂಬ ರೋಮ, ಮಾಸ್ಕ್ ಇಲ್ಲ.

ಮೊದಲ ದಿನವೇ ನನಗೆ ಒಂದು ಗಾಬರಿಯಾಯಿತು. ಜೊಂಡಿನ ಮರೆಯಲ್ಲಿ ಕುಳಿತಿದ್ದೇವೆ, ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ, ಕಿಮುರಾ-ಸಾನ್ ನನ್ನತ್ತ ತಿರುಗಿ “ಕಾಮೊ, ಕಾಮೊ” ಎಂದು ಪಿಸುಗುಟ್ಟಿದರು. ಎಪ್ಪತ್ತಾರರ ಗಂಡಸು, ಪಕ್ಕದಲ್ಲಿ ಬಂದೂಕು. ಎರಡು ಮೀಟರ್ ದೂರದ ನಿಯಮ ಮಾಡಿದವರನ್ನು ನಾನು ಮೊದಲ ಬಾರಿಗೆ ಮೆಚ್ಚಿದೆ. ಆಮೇಲೆ ಅವರು ಬೆರಳು ತೋರಿಸಿದ ಕಡೆ ನೋಡಿದರೆ ನೀರಿನ ಮೇಲೆ ಏಳೆಂಟು ಹಕ್ಕಿ. ಕಾಮೊ ಎಂದರೆ ಬಾತು ಅಂತೆ.

ನಮ್ಮಿಬ್ಬರ ನಡುವೆ ಭಾಷೆಯಿರಲಿಲ್ಲ. ಅವರ ಫೋನಿನಲ್ಲಿ ಅನುವಾದಿಸುವ ಹೆಂಗಸೊಬ್ಬಳಿದ್ದಳು. ಅವಳ ಕನ್ನಡ ಎಷ್ಟು ಶುದ್ಧವೆಂದರೆ ನಾಲ್ಕನೇ ಕ್ಲಾಸಿನವರೆಗೆ ಓದಿದ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. “ಮಾನ್ಯರೇ, ಪಕ್ಷಿಗಳು ಇಂದು ಅನಾನುಕೂಲವಾಗಿವೆ” ಎನ್ನುವಳು. ಹಾಗಾಗಿ ಅವರು ಜಪಾನಿಯಲ್ಲಿ ಚೂರು ಚೂರು ಮಾತಾಡುತ್ತಿದ್ದರು, ನಾನು ಕನ್ನಡದಲ್ಲಿ ಧಾರಾಳವಾಗಿ. ವಾರವಿಡೀ ಕೂಡಿಟ್ಟ ಮಾತು ಅಲ್ಲಿ ಸುರಿಯಿತು. ಅರವತ್ತು ವರ್ಷದ ಈಡಿನ ಸದ್ದಿಗೆ ಕಿಮುರಾ-ಸಾನ್ ಅವರ ಕಿವಿ ಮಂದವಾಗಿತ್ತು. ಅವರು ತಲೆಯಾಡಿಸುತ್ತಿದ್ದರು. ನನ್ನ ಗಂಡನಿಗೆ ಕಿವಿ ಚುರುಕಾಗಿದ್ದಾಗಲೂ ಇಷ್ಟು ತಲೆಯಾಡಿಸಿರಲಿಲ್ಲ.

ಆದರೆ ಬಾತು ಬರಲಿಲ್ಲ. ಮೊದಲನೆಯದು ಮಾಸ್ಕಿನ ಕಾಟ. ಅವರು ಬಂದೂಕು ಎತ್ತುತ್ತಿದ್ದಂತೆ ಉಸಿರು ಮೇಲಕ್ಕೆ ಹೋಗಿ ಕನ್ನಡಕ ಮಬ್ಬಾಗುವುದು. ಮಬ್ಬಾದರೆ ಈಡು ಹಾರಿಸುವ ಪೈಕಿಯಲ್ಲ ಅವರು. ಬಂದೂಕು ಇಳಿಸಿ, ಕೈಗವಸು ತೆಗೆದು, ಮಡಿಸಿದ ಬಟ್ಟೆ ಬಿಚ್ಚಿ, ಕನ್ನಡಕ ಒರೆಸಿ, ಬಟ್ಟೆಯನ್ನು ಮತ್ತೆ ನಾಲ್ಕು ಮೂಲೆ ಕೂಡಿಸಿ ಮಡಿಸುವಷ್ಟರಲ್ಲಿ ಬಾತುಗಳು ಆಚೆ ಜಿಲ್ಲೆಗೆ ಹೋಗಿರುತ್ತಿದ್ದವು. ಕಣ್ಣು ಹಾಯುವಷ್ಟು ದೂರ ನರಪಿಳ್ಳೆ ಇಲ್ಲ.

“ಅದನ್ನ ಕಿತ್ತು ಜೇಬಿಗೆ ಹಾಕ್ಕೊಳ್ಳಿ ಕಿಮುರಾ-ಸಾನ್. ಬಾತಿಗೇನು ಕೊರೋನಾ ಬರುತ್ತಾ?”

ಫೋನಿನವಳು ಉತ್ತರ ಹೇಳಿದಳು: “ನಿಯಮವು ನಿಯಮವಾಗಿರುತ್ತದೆ. ತಾವು ಸಂಭಾಷಿಸುತ್ತಿರುವ ಪರ್ಯಂತ ಮುಖಗವಸು ಅನಿವಾರ್ಯ.” ನನಗೆ ತಿಳಿದದ್ದು ನಿಯಮ ಎನ್ನುವ ಮಾತೊಂದೇ.

ಎರಡನೆಯದು ಕುರೋ. ಡಿಸೆಂಬರಿನಲ್ಲಿ ಒಂದು ಬಾತು ಬಿತ್ತು. ಕಿಮುರಾ-ಸಾನ್ ಕೈ ಮಾಡಿದರು, ಕುರೋ ನೀರಿಗೆ ಹಾರಿತು, ಎಂಟು ಹತ್ತು ಹೆಜ್ಜೆ ಹೋಗಿ, ಹೊಟ್ಟೆಮಟ್ಟದ ನೀರಿನಲ್ಲಿ ಕುಳಿತುಬಿಟ್ಟಿತು. ಕುಳಿತು ನಮ್ಮ ಕಡೆ ನೋಡಿತು. ಅವರು ಏನೇನೋ ಹೇಳಿ ಎಬ್ಬಿಸುವಷ್ಟರಲ್ಲಿ ಬಾತು ಹರಿವಿಗೆ ಸಿಕ್ಕಿ ಹೋಯಿತು. ಜನವರಿಯಲ್ಲಿ ಇನ್ನೊಂದು ಬಿತ್ತು. ಕುರೋ ಇನ್ನೊಮ್ಮೆ ಕುಳಿತಿತು.

ಕೋಳಿ ಮಾರಿದವಳಿಗೆ ಪ್ರಾಣಿಗಳ ಬಗ್ಗೆ ತೀರ್ಪು ಕೊಡುವ ಹಕ್ಕಿರುತ್ತದೆ ಎಂದುಕೊಂಡಿದ್ದೆ. “ನಿಮ್ಮ ನಾಯಿಗೆ ಅರಳುಮರಳು ಕಣ್ರೀ. ಅದನ್ನ ಮನೇಲಿ ಕಟ್ಟಿ, ನೀವೇ ಬಾಯಲ್ಲಿ ಕಚ್ಕೊಂಡು ಬನ್ನಿ” ಎಂದೆ. ಕಿಮುರಾ-ಸಾನ್ ಅಂದು ಫೋನು ತೆಗೆಯಲಿಲ್ಲ. ಕುರೋ ಮೈ ಒರೆಸಿ, ಅದರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಆಮೇಲೆ ವ್ಯಾನು ಹತ್ತಿ ಹೊರಟರು. ಬಂದೂಕು ಹೋಗುವ ದುಃಖಕ್ಕಿಂತ ನಾಯಿ ಕೈಕೊಟ್ಟ ದುಃಖ ದೊಡ್ಡದೆಂದು ಆ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಅದೇ ವಾರ ನಮ್ಮ ಕನ್ನಡದವರ ಆನ್‌ಲೈನ್ ಸಂಕ್ರಾಂತಿ. ಯೋಕೋಹಾಮಾದವರು, ಕೋಟೋದವರು, ಎಲ್ಲ ಪುಟ್ಟ ಪುಟ್ಟ ಚೌಕದಲ್ಲಿ ರೇಷ್ಮೆ ಸೀರೆ ಉಟ್ಟು ಕುಳಿತಿದ್ದರು. ನಾನು ಬೇಟೆಗೆ ಹೋಗುವ ಸುದ್ದಿ ಹೊರಬಿತ್ತು. “ಅಜ್ಜಿ, ಹೌ ಕ್ರೂಯೆಲ್, ಪಾಪ ಅಲ್ವಾ ಬರ್ಡ್ಸ್” ಎಂದಳು ಒಬ್ಬಳು. ಅರ್ಧ ಗಂಟೆ ದಯೆಯ ಬಗ್ಗೆ ಮಾತಾಯಿತು. ಕಾರ್ಯಕ್ರಮ ಮುಗಿದ ಮೇಲೆ ಅದೇ ಹುಡುಗಿ ಶೋಭಾಳನ್ನು ಕೇಳಿದಳು, ಮೂಳೆಯಿಲ್ಲದ ಕೋಳಿ ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತೆ ಎಂದು. ಆ ಕೋಳಿ ಬಹುಶಃ ಮೂಳೆಯಿಲ್ಲದೆಯೇ ಹುಟ್ಟಿ, ತಾನಾಗಿಯೇ ಹೋಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿರಬೇಕು.

ಫೆಬ್ರವರಿ ಬಂತು, ಬೇಟೆಗೆ ಇನ್ನೆರಡು ಭಾನುವಾರ ಉಳಿದಿದ್ದವು. ಹುಳುಗಳಿಗೆ ರಜೆ ಕೊಟ್ಟು ಶೋಭಾ ನಮ್ಮ ಜೊತೆ ಬಂದಳು. ಬಾತು ಬರಲಿಲ್ಲ. ಹೊತ್ತು ಹೋಗಲೆಂದು ಕಿಮುರಾ-ಸಾನ್ ಒಂದು ಮರದ ತುಂಡನ್ನು ನೀರಿಗೆ ಎಸೆದು ಕುರೋವನ್ನು ಬಿಟ್ಟರು. ಅದು ಬಾಣದ ಹಾಗೆ ಹೋಯಿತು.

“ನೋಡೇ, ಕಟ್ಟಿಗೆ ಆದ್ರೆ ಹೋಗುತ್ತೆ” ಎಂದೆ ನಾನು. “ಮತ್ತೆ, ಬಾತಿಗೆ ಹೋಗಕ್ಕೆ ಏನ್ ರೋಗ ಅಂತೀನಿ.”

ಕುರೋ ಕುಳಿತಿತು.

ಶೋಭಾ ನನ್ನ ಮುಖ ನೋಡಿದಳು, ನಾಯಿಯ ಮುಖ ನೋಡಿದಳು. “ಅಮ್ಮ, ಈಗ ಏನಂದೆ?”

“ಏನಂದೆ? ಏನ್ ರೋಗ ಅಂದೆ.”

“ಅದಲ್ಲ, ಅದಕ್ಕೆ ಮೊದ್ಲು. ‘ಮತ್ತೆ’ ಅಂದೆ. ಅಯ್ಯೋ ಅಮ್ಮ, ಜಪಾನೀಸಲ್ಲಿ ‘ಮತ್ತೆ’ ಅಂದ್ರೆ ‘ನಿಲ್ಲು, ಕಾಯಿ’ ಅಂತ. ನೀನೇ ಕೂರಿಸ್ತಿದೀಯ ಅದನ್ನ.”

ನಾನು ನಂಬಲಿಲ್ಲ. ಇನ್ನೊಮ್ಮೆ ಕಟ್ಟಿಗೆ ಎಸೆಸಿದೆ. ಇನ್ನೊಮ್ಮೆ ಅಂದೆ. ಕುರೋ ಇನ್ನೊಮ್ಮೆ ಕುಳಿತಿತು. ಮೂರನೆಯ ಸಲ ಪರೀಕ್ಷೆ ಮಾಡುವಷ್ಟು ಕಲ್ಲೆದೆ ನನಗಿರಲಿಲ್ಲ. ನೀರು ಅಷ್ಟು ತಣ್ಣಗಿತ್ತು.

ಆಮೇಲೆ ಆ ಮಾತಿನ ಮೇಲೆಯೇ ನನ್ನ ಯೋಚನೆ ಓಡಿತು. ಸಾರಿಗೆ ಉಪ್ಪು ಹೇಗೋ ನನ್ನ ಮಾತಿಗೆ ‘ಮತ್ತೆ’ ಹಾಗೆ. ಮಾತು ಸಾಕಾದಾಗ ಎದುರಿನವರು ಏಳದಿರಲೆಂದು ‘ಮತ್ತೆ?’ ಎನ್ನುತ್ತೇವೆ. ನಾನು ಹೇಳಿದ್ದು ನಿಜವಾದರೆ ‘ಮತ್ತೆ!’ ಎನ್ನುತ್ತೇವೆ. ಮುಂದೆ ಹೋಗು ಎಂದು ನಾವು ನೂಕುವ ಮಾತಿನಿಂದಲೇ ಜಪಾನಿನವರು ತಡೆಯುತ್ತಾರೆ. ಆ ವರ್ಷ ಇಡೀ ಲೋಕ ಕೇಳಿಸಿಕೊಂಡದ್ದು ಜಪಾನಿನ ‘ಮತ್ತೆ’ಯನ್ನೇ. ವಿಮಾನ, ಮದುವೆ, ಶಾಲೆ, ಎಲ್ಲವೂ ಕುರೋವಿನ ಹಾಗೆ ಹೊಟ್ಟೆಮಟ್ಟದ ನೀರಿನಲ್ಲಿ ಕುಳಿತಿದ್ದವು. ವ್ಯತ್ಯಾಸವೆಂದರೆ ಕುರೋ ಗೊಣಗಲಿಲ್ಲ.

ಶೋಭಾ ಎಲ್ಲವನ್ನೂ ಕಿಮುರಾ-ಸಾನ್‌ಗೆ ವಿವರಿಸಿದಳು. ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಒದ್ದೆ ನಾಯಿಯ ಮುಂದೆ ಮೊಣಕಾಲೂರಿ ಅದಕ್ಕೆ ತಲೆ ಬಗ್ಗಿಸಿದರು. ಕ್ಷಮೆ ಕೇಳುತ್ತಿದ್ದಾರೆ ಎಂದಳು ಮಗಳು. ಬೇರೆ ದಾರಿಯಿಲ್ಲದೆ ನಾನೂ ಕುರೋಗೆ ಒಂದು “ಸುಮಿಮಾಸೆನ್” ಹೇಳಿದೆ. ಫೋನಿನವಳು ಅವತ್ತು ಹೇಳಿದ ‘ಸಂಭಾಷಣೆ’ಯ ಅರ್ಥವೂ ಆಗಲೇ ಮಗಳಿಂದ ತಿಳಿಯಿತು. ನಾನು ಮಾತಾಡುತ್ತಿರುವವರೆಗೆ ಅವರು ಮಾಸ್ಕ್ ತೆಗೆಯುವಂತಿಲ್ಲ. ಅಂದರೆ ಕನ್ನಡಕ ಮಬ್ಬಾದದ್ದೂ ನನ್ನಿಂದಲೇ, ನಾಯಿ ಕುಳಿತದ್ದೂ ನನ್ನಿಂದಲೇ. ಒಂದೇ ಬಾಯಿ, ಎರಡು ಕೆಡುಕು.

ಕೊನೆಯ ಭಾನುವಾರ ನಾನು ವ್ಯಾನು ಹತ್ತುವ ಮೊದಲೇ ಬಾಯಿ ಮುಚ್ಚಿದೆ. ನಾಲ್ಕು ಗಂಟೆ ಹೊತ್ತು. ನನ್ನ ಮದುವೆಯ ದಿನವೂ ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ. ಜೊಂಡಿನ ಮೇಲೆ ಹಿಮದ ಪುಡಿ ಕೂತಿತ್ತು, ಬೆರಳು ಮರಗಟ್ಟಿತ್ತು. ಅದರ ಬಗ್ಗೆಯೇ ಒಂದು ಗಂಟೆ ಮಾತಾಡಬಹುದಿತ್ತು. ಮಾತಾಡದೆ ಕುಳಿತಾಗ ನೀರಿನ ಸದ್ದು ಕೇಳಿಸಿತು. ಅಷ್ಟೇನೂ ಚೆನ್ನಾಗಿರಲಿಲ್ಲ. ಕಿಮುರಾ-ಸಾನ್ ನನ್ನನ್ನು ನೋಡಿದರು, ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಇನ್ನೂ ನಾಲ್ಕು ಹೆಜ್ಜೆ ದೂರ ಸರಿದು ಮಾಸ್ಕ್ ತೆಗೆದರು. ಮೂರು ತಿಂಗಳಿನಿಂದ ಜೊತೆಗಿದ್ದ ಮನುಷ್ಯನಿಗೆ ಮೀಸೆಯಿದೆ ಎಂದು ನನಗೆ ಅವತ್ತು ಗೊತ್ತಾಯಿತು.

ಹೊತ್ತು ಏರಿದ ಮೇಲೆ ಎರಡು ಬಾತು ಬಂದವು. ಒಂದೇ ಈಡು. ಒಂದು ಹಾರಿತು, ಒಂದು ಬಿತ್ತು. ಕುರೋ ಹೋಯಿತು. ನನ್ನ ಗಂಟಲಿಗೆ ಆ ಮಾತು ಬಂದೇ ಬಂತು, ಬಾಯಿಗೆ ಸೆರಗು ತುರುಕಿಕೊಂಡೆ. ಕುರೋ ಕತ್ತೆತ್ತಿ ಬಾತು ಕಚ್ಚಿಕೊಂಡು ಈಜಿ ಬಂದು, ಕಿಮುರಾ-ಸಾನ್ ಕೈಗೆ ಹೂವಿನ ಹಾಗೆ ಇಟ್ಟಿತು. ಅವರು ಬಹಳ ಹೊತ್ತು ಬಾತನ್ನು ನೋಡಲಿಲ್ಲ, ನಾಯಿಯನ್ನೇ ನೋಡುತ್ತಿದ್ದರು.

ಬಾತನ್ನು ಸುಲಿಯುವ ಕೆಲಸ ನನಗೇ ಬಂತು. ಕಿಮುರಾ ಮನೆಯ ಹಿತ್ತಿಲಿನಲ್ಲಿ, ಆ ಕಡೆ ಓಕುಸಾನ್, ಈ ಕಡೆ ನಾನು, ನಡುವೆ ಬಿಸಿನೀರಿನ ಪಾತ್ರೆ. ಶೋಭಾ ನನ್ನ ‘ಮತ್ತೆ’ಯ ಕಥೆಯನ್ನು ನಗುತ್ತಾ ಅವಳಿಗೆ ಹೇಳಿದಳು. ಓಕುಸಾನ್ ಬೆರಗಾಗಲಿಲ್ಲ. ಪುಕ್ಕ ಕೀಳುತ್ತಲೇ ಒಂದೆರಡು ಮಾತು ಹೇಳಿ, ನನ್ನತ್ತ ತಿರುಗಿ ಆಳವಾಗಿ ಬಗ್ಗಿದಳು. ಶೋಭಾಳ ನಗು ನಿಂತಿತು.

“ಏನಂತೆ?”

“ಅವರಿಗೆ ಮೊದಲೇ ಗೊತ್ತಿತ್ತಂತೆ ಅಮ್ಮ. ಕಸದ ಹತ್ರ ನೀನು ‘ಮತ್ತೆ’ ಅಂದಾಗೆಲ್ಲ ಕುರೋ ಕೂತ್ಕೊಳ್ಳೋದು ನೋಡಿದ್ರಂತೆ. ಅದಕ್ಕೇ ನಿನ್ನನ್ನೇ ಕೇಳ್ಕೊಂಡು ಬಂದಿದ್ದಂತೆ, ಕಿತ್ತಳೆ ತಗೊಂಡು. ಮುಂದಿನ ವರ್ಷವೂ ದಯವಿಟ್ಟು ಹೋಗಿಬನ್ನಿ, ಸಂಕೋಚ ಬೇಡ, ಚೆನ್ನಾಗಿ ಮಾತಾಡಿ ಅಂತಿದಾರೆ.”

ನಾನು ಕೈಯಲ್ಲಿದ್ದ ಪುಕ್ಕ ಬಿಟ್ಟು ಅವಳನ್ನು ನೋಡಿದೆ. ನನ್ನ ಗಂಡನ ಇಸ್ಪೀಟು ಬಿಡಿಸಲು ನಾನು ಬೀದಿಯಲ್ಲಿ ನಿಂತು ಕೂಗಿದ್ದೇನೆ, ಎಲೆಗಳನ್ನು ಒಲೆಗೆ ಹಾಕಿದ್ದೇನೆ, ತವರಿಗೆ ಹೋಗಿ ತಿಂಗಳು ಕುಳಿತಿದ್ದೇನೆ. ಇಡೀ ಕೇರಿಗೆ ಗೊತ್ತಾಯಿತು, ಇಸ್ಪೀಟು ನಿಲ್ಲಲಿಲ್ಲ. ಈ ಹೆಂಗಸು ಗಂಡನಿಗೆ ಒಂದು ಮಾತೂ ಜೋರಾಗಿ ಆಡದೆ, ಅವನ ಪ್ರಾಣ ಉಳಿಸಿಕೊಳ್ಳಲು ನನ್ನ ಬಾಯಿಯನ್ನು ಬಾಡಿಗೆಯಿಲ್ಲದೆ ಮೂರು ತಿಂಗಳು ದುಡಿಸಿದ್ದಳು. ಇಷ್ಟಾಗಿಯೂ ಬಾತು ಬಂತಲ್ಲ, ಕರಾರಿನಂತೆ ಬಂದೂಕು ಮನೆಯಲ್ಲೇ ಉಳಿಯಿತು.

ಹಿತ್ತಿಲಿನಲ್ಲೇ ಪುಟ್ಟ ಗ್ಯಾಸ್ ಒಲೆಯ ಮೇಲೆ ಕಾರ ಅರೆದು ಹಾಕಿ ಸಾರು ಮಾಡಿದೆ. ಬಡಿಸುವಾಗ ಎರಡು ತೊಡೆಯನ್ನೂ ಓಕುಸಾನ್ ಬಟ್ಟಲಿಗೆ ಹಾಕಿದೆ. ಕಿಮುರಾ-ಸಾನ್‌ಗೆ ರೆಕ್ಕೆ ಸಾಕು, ಅವರು ಗೆದ್ದಿದ್ದರು.