ಜಯಾ ಆಂಟಿಯ ಪಾತ್ರೆ

ಕೊಚ್ಚಿದ ದನದ ಮಾಂಸ ಎಣ್ಣೆಯಿಲ್ಲದೆ ತನ್ನದೇ ಕೊಬ್ಬಿನಲ್ಲಿ ಹುರಿಯುವಾಗ ಮೊದಲು ಒಂದು ಹಸಿ ವಾಸನೆ ಬರುತ್ತದೆ. ಆಮೇಲೆ ನೀರು ಬತ್ತಿ, ಚಟಪಟ ಸದ್ದು ಶುರುವಾಗಿ, ಅಂಚುಗಳು ಕಂದಿದಾಗ ಆ ವಾಸನೆಯೇ ಬೇರೆಯಾಗುತ್ತದೆ. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಬಿದ್ದರೆ ಯಾರ ಮನೆಯಲ್ಲಿ ಏನು ಅಡುಗೆ ಎಂದು ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ನಾನು ಕೆಲಸ ಮಾಡುವ ಟೈರ್ ಅಂಗಡಿಯ ಹಿಂಬದಿಯಲ್ಲಿ ಯಾರಾದರೂ ಮನೆಯಿಂದ ತಂದ ಚಿಲಿಯನ್ನು, ಮಾಂಸ ಕಾಳು ಹಾಕಿ ಮಾಡುವ ಇಲ್ಲಿನ ಗಟ್ಟಿ ಸಾರನ್ನು, ಬಿಸಿ ಮಾಡಿದರೆ, ರಬ್ಬರಿನ ವಾಸನೆಯನ್ನೂ ಸೀಳಿಕೊಂಡು ಅದು ನನ್ನ ಮೂಗಿಗೆ ಬರುತ್ತದೆ. ಕೈ ಹಾಗೇ ನಿಲ್ಲುತ್ತದೆ. ಅಮೆರಿಕದ ಸನ್ನಿವೇಲಿನ ಆ ಎರಡನೇ ಮಹಡಿಯ ಅಪಾರ್ಟ್‌ಮೆಂಟು, ಕರೆಂಟಿನ ಒಲೆಯ ಕೆಂಪು ಸುರುಳಿಗಳು, ಕಿಟಕಿಯ ಗಾಜಿಗೆ ಕಟ್ಟಿದ ಹಬೆಯ ಮೇಲೆ ಬೆರಳಿನಿಂದ ಗೀಚುತ್ತಾ ನಿಂತ ನನ್ನ ತಂಗಿ ರೀಟಾ, ಎಲ್ಲ ಬಂದು ಎದುರಿಗೆ ನಿಲ್ಲುತ್ತವೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಯಾವ ವಿಳಾಸಕ್ಕೂ ಸಿಗದಂಥದ್ದು.

ನಾವು ಬೆಂಗಳೂರಿನ ಕನ್ನಡ ಕ್ರೈಸ್ತರು. ಅಮ್ಮ ಅಲ್ಲಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವಳಿಗೆ ಇಲ್ಲಿನ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿ, ಅವಳ ಹಿಂದೆ ನಾವೆಲ್ಲ ಬಂದೆವು. ಅಪ್ಪ ಹಣ್ಣುಗಳನ್ನು ಡಬ್ಬಿಗೆ ತುಂಬುವ ಫ್ಯಾಕ್ಟರಿಗೆ ಸೇರಿದ. ಆಗ ಸನ್ನಿವೇಲಿನಲ್ಲಿ ಇನ್ನೂ ಅಲ್ಲಲ್ಲಿ ಏಪ್ರಿಕಾಟ್ ಹಣ್ಣಿನ ತೋಟಗಳಿದ್ದವು. ಬೇಸಿಗೆಯಲ್ಲಿ ಅಪ್ಪನ ಅಂಗಿಯಲ್ಲಿ ಬೆಂದ ಹಣ್ಣಿನ ಸಿಹಿ ವಾಸನೆ ಇರುತ್ತಿತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಾನು ಬೆಂಗಳೂರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಬಂದಿದ್ದೆ. ಇಲ್ಲಿನ ಹೈಸ್ಕೂಲಿನ ಇಂಗ್ಲಿಷು ನನ್ನ ತಲೆಗೆ ಹತ್ತಲಿಲ್ಲ, ನಡುವೆಯೇ ಬಿಟ್ಟೆ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ರೀಟಾ ಮಾತ್ರ ಬಂದ ವರ್ಷದೊಳಗೇ ಟಿವಿಯವರ ಹಾಗೆ ಮಾತಾಡತೊಡಗಿದ್ದಳು.

ಚಿಲಿ ಮಾಡುವುದನ್ನು ಅಮ್ಮನಿಗೆ ಕಲಿಸಿದ್ದು ಅವಳ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಅಮೆರಿಕದ ಹೆಂಗಸು. ಮಾಂಸ ಹುರಿದು, ಹೆಚ್ಚಾದ ಕೊಬ್ಬನ್ನು ಖಾಲಿ ಡಬ್ಬಿಗೆ ಬಸಿದು, ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಡಬ್ಬಿಯ ಟೊಮೆಟೊ ಸುರಿದು, ಬೆಂದ ಕೆಂಪು ಬೀನ್ಸ್ ಕಾಳು ಹಾಕಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡುವುದು. ಅಷ್ಟೇ. ಅಂಗಡಿಯಿಂದ ತಂದ ಪುಡಿಯನ್ನು ಅಮ್ಮ ನಾಲಿಗೆಗೆ ಹಚ್ಚಿ ನೋಡಿ, "ಇದು ಮೆಣಸಿನ ಪುಡಿ ಅಲ್ಲ, ಬರೀ ಬಣ್ಣ" ಎಂದು ಸೂಟ್‌ಕೇಸಿನಲ್ಲಿ ಬಂದಿದ್ದ ಬ್ಯಾಡಗಿ ಮೆಣಸಿನ ಪುಡಿಯನ್ನು ಧಾರಾಳವಾಗಿ ಉದುರಿಸಿದಳು. ಕೊನೆಯಲ್ಲಿ ಗಟ್ಟಿಯಾಗಲು ಒಂದು ಚಮಚ ರಾಗಿ ಹಿಟ್ಟನ್ನು ನೀರಿನಲ್ಲಿ ಕದಡಿ ಹುಯ್ದಳು. ಮೊದಲ ದಿನ ಅಪ್ಪ ತಟ್ಟೆ ಒರೆಸಿ ತಿಂದು, "ಇದು ನಮ್ಮ ಹುರುಳಿ ಸಾರೇ ಕಣೇ ಸಿಸಿಲಿ, ವೀಸಾ ತಗೊಂಡು ಬಂದಿದೆ ಅಷ್ಟೆ" ಎಂದ. ಅಂದಿನಿಂದ ಶನಿವಾರ ಎಂದರೆ ಚಿಲಿ.

ಆ ರಾಗಿ ಹಿಟ್ಟು ಕೊಟ್ಟವರು ಕೆಳಮಹಡಿಯ ಜಯಾ ಆಂಟಿ. ಮೈಸೂರಿನವರು, ಬ್ರಾಹ್ಮಣರು, ಗಂಡ ಇಂಜಿನಿಯರು, ಸೊಂಟದ ಮೇಲೆ ಸದಾ ಒಂದು ಪುಟ್ಟ ಮಗಳು. ಲಾಂಡ್ರಿ ರೂಮಿನಲ್ಲಿ ಅಮ್ಮ ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದುದನ್ನು ಕೇಳಿಸಿಕೊಂಡು ಬಟ್ಟೆಬುಟ್ಟಿ ಅಲ್ಲೇ ಬಿಟ್ಟು ಓಡಿ ಬಂದಿದ್ದರು. ಆಮೇಲೆ ಅಮ್ಮ ಅವರಿಗೆ ಸಿಸಿಲಿಯಕ್ಕ ಆದಳು. ಮೊದಲಿಗೆ ನಮ್ಮ ಮನೆಯಲ್ಲಿ ಕಾಫಿ, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅಮ್ಮನೂ ಒತ್ತಾಯ ಮಾಡಲಿಲ್ಲ. ಸುಮ್ಮನೆ ಒಂದು ಹೊಸ ಸ್ಟೀಲಿನ ಪಾತ್ರೆ, ಹೊಸ ಸೌಟು ತಂದು ಬೇರೆ ಶೆಲ್ಫಿನಲ್ಲಿಟ್ಟಳು. ಅವುಗಳಿಗೆ ಮಾಂಸ ಸೋಕುವಂತಿಲ್ಲ. ತೊಳೆಯುವ ಬ್ರಷ್ಷೂ ಬೇರೆ. ಶನಿವಾರ ಮುಂದಿನ ಒಲೆಯ ಮೇಲೆ ನಮ್ಮ ಚಿಲಿ, ಹಿಂದಿನ ಒಲೆಯ ಮೇಲೆ ಜಯಾ ಆಂಟಿಯ ಪಾತ್ರೆಯಲ್ಲಿ ಬರೀ ಕಾಳಿನ ಚಿಲಿ. ಅವರು ಇದನ್ನೆಲ್ಲ ಬಾಗಿಲ ಬಳಿ ನಿಂತು ತಿಂಗಳುಗಟ್ಟಲೆ ನೋಡಿದರು. ಒಂದು ದಿನ ತಾವಾಗಿಯೇ ಕುರ್ಚಿ ಎಳೆದುಕೊಂಡು, "ಸಿಸಿಲಿಯಕ್ಕ, ಇವತ್ತು ನಂಗೂ ಬಡಿಸಿ" ಎಂದರು. ಅಮ್ಮ ಆ ರಾತ್ರಿ ಅಪ್ಪನಿಗೆ ಹಬ್ಬದ ಸುದ್ದಿ ಹೇಳುವವಳ ಹಾಗೆ ಅದನ್ನು ಹೇಳಿದಳು.

ಇನ್ನೊಂದು ಕಡೆಯಿಂದಲೂ ಆ ಬಾಗಿಲು ತೆರೆದಿತ್ತು. ಚರ್ಚಿನಲ್ಲಿ ಹಾಡುತ್ತಿದ್ದ ರೀಟಾಳ ದನಿ ಕೇಳಿದ ಜಯಾ ಆಂಟಿ ಅವಳನ್ನು ಕೂರಿಸಿಕೊಂಡು ಸಂಗೀತ ಕಲಿಸತೊಡಗಿದ್ದರು. ಸಂಜೆ ನಾನು ಮೆಟ್ಟಿಲ ಮೇಲೆ ಕೂತಿದ್ದರೆ ಕೆಳಗಿನಿಂದ ಸರಳೆ ವರಸೆ ಕೇಳುತ್ತಿತ್ತು. ಮೊದಲು ಆಂಟಿಯ ದನಿ, ಹಿಂದೆಯೇ ಅದನ್ನು ಹಿಡಿದುಕೊಂಡು ಬರುವ ತಂಗಿಯ ದನಿ. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಆ ಹುಡುಗಿ ಅಲ್ಲಿ ಮಾತ್ರ ಪೂರ್ತಿ ಕನ್ನಡದವಳಾಗಿರುತ್ತಿದ್ದಳು. ಮೇಲೆ ಬಂದ ಮೇಲೂ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದಳು. "ನಲ್ಲಿ ನಿಲ್ಲಿಸೇ, ಇಲ್ಲ ನೀನು ನಿಲ್ಲಿಸು" ಎಂದು ನಾನು ಛೇಡಿಸುತ್ತಿದ್ದೆ.

ಆ ಶನಿವಾರ ಅಮ್ಮನಿಗೆ ಸಂಜೆಯವರೆಗೆ ಡ್ಯೂಟಿ. ಊಟಕ್ಕೆ ಜಯಾ ಆಂಟಿ ಬರುವವರಿದ್ದರು. ಆಂಟಿಯ ಪಾತ್ರೆಯನ್ನು ತಾನೇ ಮಾಡುತ್ತೇನೆಂದು ರೀಟಾ ಹಟ ಹಿಡಿದಿದ್ದಳು, ಅದು ಅವಳ ಗುರುದಕ್ಷಿಣೆಯಂತೆ. ನಮ್ಮ ಚಿಲಿ ನನ್ನ ಪಾಲಿಗೆ ಬಂತು. ಎಲ್ಲ ಮುಗಿಯುತ್ತಾ ಬಂದಾಗ, "ಅಣ್ಣ, ಬ್ಯಾಕ್ ಬರ್ನರ್ ನೋಡ್ಕೋ, ಬಟ್ಟೆ ತರ್ತೀನಿ" ಎಂದು ಅವಳು ಕೆಳಗೆ ಹೋದಳು. ಹಿಂದಿನ ಒಲೆ ಯಾವಾಗಲೂ ಹೆಚ್ಚು ಕಾಯುತ್ತಿತ್ತು. ತಳ ಹಿಡಿಯುವ ವಾಸನೆ ಬಂದದ್ದೇ ನಾನು ಕೈಯಲ್ಲಿದ್ದ ಸೌಟನ್ನು ಅದ್ದಿ ತಿರುವಿದೆ. ಆ ಸೌಟು ಆಗಷ್ಟೇ ಮಾಂಸದ ಪಾತ್ರೆಯಿಂದ ಎದ್ದದ್ದು.

ತಿರುವುತ್ತಿರುವಾಗಲೇ ಗೊತ್ತಾಯಿತು. ಕೆಂಪು ರಸದ ಮೇಲೆ ಕಂದು ಚೂರುಗಳು ತೇಲಿದವು. ಕಂಡಷ್ಟನ್ನು ಚಮಚದಲ್ಲಿ ಹೆಕ್ಕಿ ತೆಗೆದೆ. ಪಾತ್ರೆಯನ್ನು ಚೆಲ್ಲಬೇಕಿತ್ತು. ಚೆಲ್ಲಿದರೆ ಅಮ್ಮ ಕೇಳುತ್ತಾಳೆ, ಇನ್ನೊಮ್ಮೆ ಕಾಳು ನೆನೆಸಿ ಬೇಯಿಸಲು ಹೊತ್ತಿಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ರೀಟಾ ಬಟ್ಟೆಬುಟ್ಟಿ ಹೊತ್ತು ಬಂದು, "ತಳ ಹಿಡೀತಾ?" ಎಂದಳು. "ಇಲ್ಲ" ಎಂದೆ. ಅವಳು ತನ್ನ ಪಾತ್ರೆಯ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ, ಚೆಂದ ಕಾಣುತ್ತದೆಯೇ ಎಂದು ತಲೆ ಓರೆ ಮಾಡಿ ನೋಡಿದಳು.

ಅಮ್ಮ ಡ್ಯೂಟಿ ಮುಗಿಸಿ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಆಂಟಿ ಅನ್ನಕ್ಕೆ ಕಲಸಿಕೊಂಡು ಎರಡು ಮೂರು ತುತ್ತು ತಿಂದರು. "ಕೈ ಪಳಗಿದೆ ಕಣೇ" ಎಂದು ರೀಟಾಳನ್ನು ಹೊಗಳಿದರು. ಆಮೇಲೆ ಅವರ ಬೆರಳು ನಿಂತಿತು. ಏನನ್ನೋ ತಟ್ಟೆಯ ಅಂಚಿಗೆ ಸರಿಸಿ, ನೋಡಿ, ಮೆತ್ತಗೆ ಕೇಳಿದರು: "ರೀಟಾ ಪುಟ್ಟ, ಇದು ನನ್ನ ಪಾತ್ರೇದೇನಾ?"

ಅಮ್ಮ ಬಗ್ಗಿ ತಟ್ಟೆ ನೋಡಿದಳು. ಅವಳ ಮುಖ ಬಿಳುಚಿತು. "ಸೌಟು ಅದಲುಬದಲು ಮಾಡಿದ್ಯೇನೇ?"

ರೀಟಾ ಒಲೆಯ ಕಡೆ ನೋಡಿದಳು, ತನ್ನ ಕೈ ನೋಡಿಕೊಂಡಳು. "ಐ ಡೋಂಟ್ ನೋ ಅಮ್ಮ... ನೋಡ್ಕೊಂಡೇ ಮಾಡಿದ್ದೆ. ಆಗಿರ್ಬಹುದು."

ನನ್ನ ಬಾಯಲ್ಲಿ ಬ್ರೆಡ್ಡಿತ್ತು. ಅದನ್ನು ಅಗಿಯುತ್ತಲೇ ಇದ್ದೆ. ಜಯಾ ಆಂಟಿ ಎದ್ದು ಕೈ ತೊಳೆದು, "ಪರವಾಗಿಲ್ಲ ಬಿಡಿ ಸಿಸಿಲಿಯಕ್ಕ" ಎಂದು ಮಗುವನ್ನೆತ್ತಿಕೊಂಡು ಹೋದರು. ಅಮ್ಮ ಆ ಪಾತ್ರೆಯಲ್ಲಿದ್ದುದನ್ನೆಲ್ಲ ಚೆಲ್ಲಿ, "ಆಗಲ್ಲ ಅಂದ್ರೆ ಯಾಕೆ ಕೈ ಹಾಕಬೇಕಿತ್ತು" ಎಂದಳು. ರೀಟಾ ಅಳಲಿಲ್ಲ. ಅಮ್ಮನ ಬೆನ್ನ ಹಿಂದೆ ಟವೆಲು ಹಿಡಿದು, ಪಾತ್ರೆ ಒರೆಸಲು ಕಾದು ನಿಂತಿದ್ದಳು.

ಮರುವಾರ ಅವಳು ಪಾಠಕ್ಕೆ ಹೋಗಲಿಲ್ಲ. "ಹೆಂಗೆ ಹೋಗ್ಲಿ ಅಣ್ಣ, ಅವರ ಮುಖ ಹೆಂಗೆ ನೋಡ್ಲಿ" ಎಂದಳು. ಇಲ್ಲಿಯವರೆಗಿನದನ್ನು ಹುಡುಗತನದ ಹೆದರಿಕೆ ಎಂದು ನೀವು ಕ್ಷಮಿಸಬಹುದು. ನನ್ನನ್ನು ಕೊರೆಯುವುದು ಇದರ ಮುಂದಿನದು. ಜಿನುಗು ಮಳೆಯ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಜಯಾ ಆಂಟಿ, ಸೀರೆಯ ಮೇಲೆ ಗಂಡನ ಸ್ವೆಟರು, ಸೊಂಟದ ಮೇಲೆ ಮಗು. ರೀಟಾ ಒಳಗೆ ಹೇರ್ ಡ್ರೈಯರ್ ಹಾಕಿಕೊಂಡಿದ್ದಳು. ಅದರ ಸದ್ದಿನಲ್ಲಿ ಅವಳಿಗೇನೂ ಕೇಳಿಸಲಿಲ್ಲ.

"ಎಲ್ಲೋ ಅವಳು? ಪಾಠ ತಪ್ಪಿಸ್ತಿದಾಳೆ. ಅವತ್ತಿಂದು ಮನಸ್ಸಿಗೆ ಹಚ್ಕೊಂಡಿದಾಳಾ? ನಂಗೇನೂ ಕೋಪ ಇಲ್ಲ ಅಂತ ಹೇಳೋ."

ಕೂಗಿ ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಬ್ಬರೂ ಎದುರುಬದುರು ಕೂತರೆ ಆ ದಿನದ ಮಾತು ಬರುತ್ತದೆ, ಒಲೆಯ ಬಳಿ ಯಾರಿದ್ದರು ಎಂಬ ಮಾತು ಬರುತ್ತದೆ. "ಅವಳಿಗೆ ಸಂಗೀತ ಬೇಡ್ವಂತೆ ಆಂಟಿ" ಎಂದೆ.

"ಹಂಗಂದ್ಲಾ?"

"ಹೂಂ."

ಅವರು ನನ್ನ ಹೆಗಲ ಮೇಲಿಂದ ಒಳಗೆ ಒಮ್ಮೆ ನೋಡಿದರು. ಮಗುವಿನ ಟೋಪಿ ಸರಿ ಮಾಡಿ ಇಳಿದು ಹೋದರು. ಇನ್ನೊಂದು ಸಲವೂ ಬಂದರು, ಆಗಲೂ ಅದನ್ನೇ ಹೇಳಿದೆ. ನಾಚಿಕೆಗೆ ಅಮ್ಮ ಅವರನ್ನು ಊಟಕ್ಕೆ ಕರೆಯುವುದನ್ನು ಬಿಟ್ಟಳು, ಮೆಟ್ಟಿಲಲ್ಲಿ ಅವರನ್ನು ಕಂಡರೆ ರೀಟಾ ದೂರ ಸರಿಯುತ್ತಿದ್ದಳು. ಮರುವರ್ಷ ಅವರು ಇನ್ನೊಂದು ಊರಾದ ಡ್ಯಾನ್‌ವಿಲ್ಲಿನಲ್ಲಿ ಮನೆ ಕೊಂಡು ಹೋದರು. ಅವರ ಕಾರು ತಿರುಗಿದ ಮೇಲೆ ರೀಟಾ ಕಿಟಕಿಯಿಂದ ಸರಿದು, "ಒಂದ್ಸಲನೂ ನನ್ನ ಕೇಳ್ಕೊಂಡು ಬರ್ಲಿಲ್ಲ ನೋಡು" ಎಂದಳು.

ಆಮೇಲೆ ಫ್ಯಾಕ್ಟರಿ ಮುಚ್ಚಿತು, ತೋಟಗಳು ಹೋದವು. ಅಪ್ಪ ಹೋದ, ಅವನ ಹಿಂದೆ ಅಮ್ಮ. ರೀಟಾ ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ಈಗ ಹಲ್ಲಿನ ಡಾಕ್ಟರೊಬ್ಬರ ಆಫೀಸಿನಲ್ಲಿದ್ದಾಳೆ. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಅವಳ ತುಟಿ ಮಾತ್ರ ಆಡುತ್ತದೆ, ಪಕ್ಕದಲ್ಲಿ ನಿಂತರೂ ದನಿ ಕೇಳುವುದಿಲ್ಲ. ಕಳೆದ ಚಳಿಗಾಲದಲ್ಲಿ ಇಂಡಿಯನ್ ಗ್ರೋಸರಿಯಲ್ಲಿ ಜಯಾ ಆಂಟಿಯ ಗಂಡ ಸಿಕ್ಕರು. ಕೋಲು ಹಿಡಿದಿದ್ದರು, ಗುರುತು ಹಿಡಿದದ್ದು ಅವರೇ. ಈಗಲೂ ಡ್ಯಾನ್‌ವಿಲ್ಲಿನ ಅದೇ ಮನೆಯಲ್ಲಿದ್ದಾರಂತೆ. "ನಿನ್ನ ತಂಗಿ ಹಾಡ್ತಾಳೇನಪ್ಪ? ನಮ್ಮ ಜಯಾ ಈಗ್ಲೂ ಕೇಳ್ತಿರ್ತಾಳೆ" ಎಂದರು. ಏನು ಕೊಳ್ಳಲು ಹೋಗಿದ್ದೆನೋ ಅದನ್ನು ಮರೆತು ಹೊರಗೆ ಬಂದೆ.

ಮುಂದಿನ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ರೀಟಾಳನ್ನು ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಹಳೆಯ ಅಪಾರ್ಟ್‌ಮೆಂಟ್ ಇದ್ದ ಜಾಗಕ್ಕೆ ಹೋದೆ. ಅಲ್ಲೀಗ ಯಾವುದೋ ಕಂಪನಿಯ ಪಾರ್ಕಿಂಗ್ ಲಾಟು. ರಜೆಯ ದಿನ, ಒಂದು ಕಾರೂ ಇರಲಿಲ್ಲ. ಎಂಜಿನ್ ಆರಿಸಿ, ಸ್ಟಿಯರಿಂಗ್ ನೋಡುತ್ತಾ ಎಲ್ಲ ಹೇಳಿದೆ. ಮೊದಲು ಸೌಟಿನ ವಿಷಯ.

"ನಾನು ಇವತ್ತಿಗೂ ಒಟ್ಟಿಗೆ ಎರಡು ಪಾತ್ರೆ ಇಡಲ್ಲ, ಗೊತ್ತಾ ನಿಂಗೆ?" ಎಂದಳು. "ಒಂದು ಮುಗ್ಸಿ, ತೊಳ್ದು, ಆಮೇಲೆ ಇನ್ನೊಂದು. ನನ್ನ ಮಕ್ಕಳು ನಗ್ತಾರೆ." ನನ್ನ ಕಡೆ ತಿರುಗಿ, "ಕತ್ತೆ ನೀನು" ಎಂದಳು.

ಆಮೇಲೆ ಬಾಗಿಲ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾರಿನ ಗಾಜಿನ ಆಚೆ ನೋಡುತ್ತಲೇ ಕೇಳಿದಳು: "ಆಂಟಿ ಬಂದಿದ್ರಾ?"

"ಬಂದಿದ್ರು. ಎರಡು ಸಲ."

"ಮಳೇಲಾ?"

"ಮೊದಲ್ನೇ ಸಲ ಮಳೆ ಇತ್ತು. ಮಗೂನೂ ಎತ್ಕೊಂಡಿದ್ರು. ಕೋಪ ಇಲ್ಲ ಅಂತ ಹೇಳು ಅಂದ್ರು."

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಅವಳು ಬಾಗಿಲು ತೆಗೆದು ಇಳಿದಳು. ನಾನೂ ಇಳಿದೆ. ಸಾಲಾಗಿ ನೆಟ್ಟ ಸಣ್ಣ ಮರಗಳು, ನೆಲದ ಮೇಲೆ ಬಿಳಿ ಗೆರೆಗಳು, ಮೇಲೆ ಖಾಲಿ ಆಕಾಶ. "ಎಲ್ಲಿ ನಿಂತಿದ್ರು?" ಎಂದಳು. ನಮ್ಮ ಮೆಟ್ಟಿಲು ಎಲ್ಲಿತ್ತೆಂದು ಅಂದಾಜು ಮಾಡಿ, ಎರಡನೇ ಮಹಡಿಯಷ್ಟು ಎತ್ತರಕ್ಕೆ ಕೈಯೆತ್ತಿ ಗಾಳಿಯಲ್ಲಿ ಒಂದು ಜಾಗ ತೋರಿಸಿದೆ. ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ರೀಟಾ ಅಲ್ಲಿಗೇ ನೋಡಿದಳು. ನಮ್ಮ ಇಡೀ ಮನೆ ಅಲ್ಲಿತ್ತು, ಅಪ್ಪ ಅಮ್ಮ ಇದ್ದರು, ಬಾಗಿಲ ಬಳಿ ಅವಳನ್ನು ಕೇಳಿಕೊಂಡು ಬಂದವರೊಬ್ಬರು ನಿಂತಿದ್ದರು.

ಅವಳು ಕಣ್ಣೊರೆಸಿಕೊಂಡು ಕಾರಿನ ಕಡೆ ನಡೆದಳು. "ಡ್ಯಾನ್‌ವಿಲ್ ಎಷ್ಟು ದೂರ?"

"ಇವತ್ತು ಬೇಡ ಕಣೇ, ಫ್ರೀವೇ ಎಲ್ಲ ಟ್ರಾಫಿಕ್ ಇರುತ್ತೆ. ಫೋನೂ ಮಾಡಿಲ್ಲ."

"ಅವರು ಫೋನ್ ಮಾಡ್ಕೊಂಡು ಬಂದಿದ್ರಾ?" ಎಂದು ಸೀಟ್ ಬೆಲ್ಟು ಹಾಕಿಕೊಂಡಳು.